ಅಜ್ಜಿಗೆ ಗೊತ್ತಿದ್ದದ್ದು, ಹುಡುಗ ಕಲಿಯಬೇಕಾದದ್ದು

ಓದುಗರ ಪತ್ರ: ನನ್ನ ಮಗ ಹನ್ನೊಂದನೆಯ ತರಗತಿಯಲ್ಲಿ ಐಚ್ಛಿಕ ವಿಷಯವಾಗಿ ಶಿಶು ವಿಕಾಸ ಮತ್ತು ಶಿಶು ಶಿಕ್ಷಣವನ್ನು ಆರಿಸಿಕೊಂಡಿದ್ದಾನೆ. ನಮ್ಮಜ್ಜಿ ಒಂದಕ್ಷರ ಓದದೆ ಎಂಟು ಮಕ್ಕಳನ್ನು ಸಾಕಿದವರು. ಅದನ್ನು ಎರಡು ವರ್ಷ ಕೂತು ಓದುವುದೇನಿದೆ? ಅದೂ ಗಂಡು ಹುಡುಗ! ವಿಷಯ ಬದಲಿಸಲು ಇನ್ನೂ ಹದಿನೈದು ದಿನ ಅವಕಾಶವಿದೆ. ಏನು ಮಾಡಲಿ?

ಸಂಪಾದಕರ ಉತ್ತರ: ಬದಲಿಸಬೇಡಿ.

ನಿಮ್ಮಜ್ಜಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಕೂಸು ‘ಊಂ’ ಎಂದರೆ ತಾವೂ ‘ಊಂ’ ಎಂದು, ಅದು ನಕ್ಕರೆ ನಕ್ಕು ಹೊತ್ತು ಕಳೆಯುವ ಅಜ್ಜಿಯರಿಗೆ ಪುಸ್ತಕ ಬೇಕಿರಲಿಲ್ಲ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ, ಕೂಸಿನೆದುರು ಕೆಲವು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂರುವಂತೆ ತಾಯಂದಿರಿಗೆ ಹೇಳಿ ನೋಡಿದರು. ಕೂಸುಗಳು ಮೊದಲು ನಕ್ಕು ತಾಯಿಯನ್ನು ಮಾತಿಗೆಳೆಯಲು ಯತ್ನಿಸಿದವು, ಆಗದಿದ್ದಾಗ ಮುಖ ತಿರುಗಿಸಿಕೊಂಡವು. ಅಜ್ಜಿಯ ಆ ‘ಊಂ’ ಎಷ್ಟು ದೊಡ್ಡದೆಂದು ಆಗ ಲೋಕಕ್ಕೆ ಕಂಡಿತು.

ಆದರೆ ಸಾಕಿದ ಅನುಭವಕ್ಕೆ ಕಾಣಿಸದ ಸಂಗತಿಗಳೂ ಇವೆ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಅದರಲ್ಲಿರಬಹುದಾದ ಬಾಟುಲಿಸಮ್ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಮಾಡುತ್ತವೆ. ದ್ರಾಕ್ಷಿಯನ್ನು ಇಡಿಯಾಗಿ ಕೊಡಬಾರದು; ಉದ್ದಕ್ಕೆ ನಾಲ್ಕಾಗಿ ಸೀಳಬೇಕು, ಅಡ್ಡಕ್ಕೆ ಕತ್ತರಿಸಿದ ಗುಂಡು ತುಂಡು ಶ್ವಾಸನಾಳಕ್ಕೆ ಬಿರಡೆಯ ಹಾಗೆ ಕೂರಬಲ್ಲದು. ಕೂಸನ್ನು ಅಂಗಾತವೇ ಮಲಗಿಸಬೇಕು. ಈ ಕೊನೆಯದನ್ನು ಅಜ್ಜಿಯರಷ್ಟೇ ಅಲ್ಲ, ಅನೇಕ ದೇಶಗಳ ವೈದ್ಯರೂ ದಶಕಗಟ್ಟಲೆ ತಪ್ಪಾಗಿ ಹೇಳಿದ್ದರು. 1990ರ ದಶಕದಲ್ಲಿ ಬೋರಲು ಮಲಗಿಸುವ ಸಲಹೆಯನ್ನು ತಿರುಗಿಸಿದ ಮೇಲೆ, ಅಮೆರಿಕದಲ್ಲಿ ನಿದ್ದೆಯಲ್ಲಿ ಕೂಸುಗಳು ಹಠಾತ್ತನೆ ಸಾಯುವುದು ಅರ್ಧಕ್ಕೂ ಕಡಿಮೆಯಾಯಿತು. ಎಂಟು ಮಕ್ಕಳನ್ನು ಸಾಕಿದರೂ ಇಂಥದ್ದು ತಿಳಿಯುವುದಿಲ್ಲ. ಲಕ್ಷಾಂತರ ಮಕ್ಕಳ ಲೆಕ್ಕ ಇಟ್ಟವರಿಗೆ ತಿಳಿಯುತ್ತದೆ.

ಈ ವಿಷಯದ ಜೀವಾಳ ಮಾತ್ರ ಇನ್ನೊಂದಿದೆ, ವೀಕ್ಷಣೆ. ಮಗುವನ್ನು ತೀರ್ಪು ಕೊಡದೆ ನೋಡುವುದು. ಹದಿನಾರರ ಹುಡುಗನಿಗೆ ಇದಕ್ಕಿಂತ ಕಷ್ಟದ ಪಾಠವನ್ನು ಯಾವ ಪ್ರಯೋಗಾಲಯವೂ ಕಲಿಸದು.

ಮಾಡುವ ಕ್ರಮ ಕೇಳಿ. ಮೊದಲು ಮಗುವಿನ ಪೋಷಕರ ಮತ್ತು ಶಿಕ್ಷಕಿಯ ಒಪ್ಪಿಗೆ ಬೇಕು. ಟಿಪ್ಪಣಿಯಲ್ಲಿ ಮಗುವಿನ ಹೆಸರು ಬರೆಯಬಾರದು, ಒಂದು ಅಕ್ಷರ ಸಾಕು. ವಯಸ್ಸನ್ನು ವರ್ಷ ಮತ್ತು ತಿಂಗಳಲ್ಲಿ ಬರೆಯಬೇಕು. ಮಕ್ಕಳು ಓಡಾಡುವ ದಾರಿ ಬಿಟ್ಟು, ಅವರ ಕಣ್ಣಿನ ಎತ್ತರಕ್ಕೆ ಕೂರಬೇಕು. ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ಸಮಯದೊಂದಿಗೆ ಕಂಡದ್ದು ಕೇಳಿದ್ದು, ಬಲಗಡೆ ಅದರ ಅರ್ಥ. ನೋಡುವ ಹತ್ತು ನಿಮಿಷ ಮುಗಿಯುವವರೆಗೆ ಬಲಗಡೆ ಖಾಲಿಯೇ ಇರಬೇಕು. ಎಲ್ಲರೂ ಎಡವುವುದು ಇಲ್ಲೇ. ‘ಮಗು ಹಟ ಮಾಡಿತು’ ಎಂದು ಎಡಗಡೆ ಬರೆದುಬಿಡುತ್ತಾರೆ. ಬರೆಯಬೇಕಾದದ್ದು ಹೀಗೆ: ‘10.04, ಕೆಂಪು ಇಟ್ಟಿಗೆಯನ್ನು ನಾಲ್ಕನೆಯದರ ಮೇಲಿಟ್ಟಿತು. ಬಿತ್ತು. ಮತ್ತೆ ಇಟ್ಟಿತು. ಬಿತ್ತು. ಇಟ್ಟಿಗೆ ಎಸೆದು ಚೀರಿತು.’ ಇದನ್ನು ಓದಿದವರಿಗೆ ಹಟ ಕಾಣುವುದಿಲ್ಲ, ಎರಡು ಸಲ ಸೋತ ಕೆಲಸಗಾರ ಕಾಣುತ್ತಾನೆ.

ಆಟವನ್ನು ಗುರುತಿಸುವುದೂ ಅಷ್ಟೇ ಸೂಕ್ಷ್ಮ. ಮಕ್ಕಳು ಒಬ್ಬರೊಡನೊಬ್ಬರು ಎಷ್ಟು ಬೆರೆತು ಆಡುತ್ತಾರೆಂದು ನೋಡಿ 1932ರಲ್ಲಿ ಸಂಶೋಧಕಿ ಮಿಲ್ಡ್ರೆಡ್ ಪಾರ್ಟೆನ್ ಮಾಡಿದ ವಿಂಗಡಣೆ ಇವತ್ತಿಗೂ ಬಳಕೆಯಲ್ಲಿದೆ. ಎರಡು ಮಕ್ಕಳು ಬೆನ್ನು ತಿರುಗಿಸಿ ಕೂತಿದ್ದರೆ ವಿದ್ಯಾರ್ಥಿ ‘ಒಂಟಿ ಆಟ’ ಎಂದು ಬರೆಯುತ್ತಾನೆ. ಒಬ್ಬಳು ಕೆಂಪು ಮಣ್ಣು ಎತ್ತಿಕೊಂಡರೆ ಮತ್ತೊಬ್ಬಳೂ ಅದನ್ನೇ ಎತ್ತಿಕೊಳ್ಳುತ್ತಿದ್ದಾಳೆ ಎಂಬುದನ್ನು ಕಂಡವನು ‘ಸಮಾನಾಂತರ ಆಟ’ ಎನ್ನುತ್ತಾನೆ, ಎಂದರೆ ಜೊತೆಗೂಡದೆ ಪಕ್ಕದಲ್ಲೇ ಅದೇ ಬಗೆಯ ಆಟ.

ಸ್ವಿಸ್ ಮನೋವಿಜ್ಞಾನಿ ಪಿಯಾಜೆಯ ಲೋಟದ ಪ್ರಯೋಗವನ್ನು ಎಲ್ಲ ಪಠ್ಯಗಳೂ ಹೇಳುತ್ತವೆ. ಒಂದೇ ಅಳತೆಯ ಎರಡು ಲೋಟಗಳ ನೀರಲ್ಲಿ ಒಂದನ್ನು ಸಪುರ ಲೋಟಕ್ಕೆ ಸುರಿದರೆ, ನಾಲ್ಕರ ಮಗು ‘ಇದರಲ್ಲೇ ಹೆಚ್ಚು’ ಎನ್ನುತ್ತದೆ, ಏಳರ ಆಸುಪಾಸಿಗೆ ‘ಎರಡೂ ಅಷ್ಟೇ’ ಎನ್ನುತ್ತದೆ. ಸುರಿಯುವ ಮೊದಲೂ ಆಮೇಲೂ ಒಂದೇ ಪ್ರಶ್ನೆ ಕೇಳಿದರೆ, ಮೊದಲ ಉತ್ತರ ತಪ್ಪಾಯಿತೇನೋ ಎಂದು ಮಗು ಮಾತು ಬದಲಿಸಬಹುದು ಎಂಬುದನ್ನು ಮಾತ್ರ ಬಹಳ ಪಠ್ಯಗಳು ಹೇಳುವುದಿಲ್ಲ. ಸುರಿದ ಮೇಲೆ ಮಾತ್ರ, ಒಂದೇ ಸಲ ಕೇಳಿ ನೋಡಲಿ ನಿಮ್ಮ ಮಗ. ಪ್ರಶ್ನೆ ಕೇಳುವ ಬಗೆಯೇ ಉತ್ತರವನ್ನು ಹೇಗೆ ತಿರುಗಿಸುತ್ತದೆಂದು ಅವನಿಗೆ ಗೊತ್ತಾಗುತ್ತದೆ.

ಬೆಳವಣಿಗೆಯ ಪಟ್ಟಿಯನ್ನು ಬಾಯಿಪಾಠ ಮಾಡುವವರು ಮಾಡುವ ಹಾನಿ ಸಣ್ಣದಲ್ಲ. ‘ಹನ್ನೆರಡು ತಿಂಗಳಿಗೆ ನಡೆಯುತ್ತದೆ’ ಎಂದು ಕಲಿತವನು ಹದಿನಾಲ್ಕು ತಿಂಗಳ ಮಗುವಿನ ತಾಯಿಯ ನಿದ್ದೆ ಕೆಡಿಸುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸರೆಯಿಲ್ಲದೆ ನಡೆಯುವ ವಯಸ್ಸಿನ ವ್ಯಾಪ್ತಿ 8.2ರಿಂದ 17.6 ತಿಂಗಳು. ಕೆಲವು ಮಕ್ಕಳು ಅಂಬೆಗಾಲಿಡದೆಯೇ ನಡೆದುಬಿಡುತ್ತವೆ. ಅವಧಿಗೆ ಎರಡು ತಿಂಗಳು ಮೊದಲೇ ಹುಟ್ಟಿದ ಆರು ತಿಂಗಳ ಕೂಸನ್ನು ನಾಲ್ಕು ತಿಂಗಳ ಕೂಸೆಂದೇ ಅಳೆಯಬೇಕು. ಸಾಮಾನ್ಯವಾಗಿ ಎರಡು ವರ್ಷದವರೆಗೂ ಹೀಗೆ ಕಳೆದು ನೋಡುವ ರೂಢಿ.

ಇನ್ನು ‘ಗಂಡು ಹುಡುಗ’ ಎಂದಿರಿ. 1837ರಲ್ಲಿ ಜರ್ಮನಿಯಲ್ಲಿ ಎಳೆಯರಿಗಾಗಿ ಶಾಲೆ ತೆರೆದು, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೋಬೆಲ್ ಗಂಡಸು. 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕಾ ವಕೀಲಿಕೆ ಬಿಟ್ಟು ಬಂದವರು. ನಿಮ್ಮ ಮಗ ಮುಂದೆ ಶಿಕ್ಷಕನಾಗದಿರಬಹುದು; ತಂದೆಯಾಗಬಹುದು, ಆಟಿಕೆ ತಯಾರಿಸಬಹುದು, ಮಕ್ಕಳ ವೈದ್ಯನಾಗಬಹುದು. ಇದು ಗಣಿತ ಬಾರದವರ ವಿಷಯ ಎಂದು ಹೇಳುವವರೂ ಇದ್ದಾರೆ. ಆ ಮಾತು ಎಲ್ಲಿಂದ ಹುಟ್ಟಿತು? ಮಕ್ಕಳು ಎಷ್ಟು ಚಿಕ್ಕವರೋ ಅವರಿಗೆ ಕಲಿಸುವವರ ಸಂಬಳ ಅಷ್ಟು ಚಿಕ್ಕದು ಎಂಬ ಏರ್ಪಾಡಿನಿಂದ. ಆ ಏರ್ಪಾಡಿಗೆ ಬೆಲೆ ತೆರುತ್ತಿರುವವರು ಮೂರು ವರ್ಷದ ಮಕ್ಕಳು. ಆ ವಯಸ್ಸಿನಲ್ಲಿ ಮಣಿಕಟ್ಟಿನ ಎಂಟು ಎಲುಬುಗಳಲ್ಲಿ ಹೆಚ್ಚಿನವು ಇನ್ನೂ ಮೃದ್ವಸ್ಥಿ, ಗಟ್ಟಿ ಎಲುಬಾಗದ ಮೆತ್ತನೆಯ ಅಂಗಾಂಶ. ಮಗು ನೋಡಿಕೊಂಡು ವೃತ್ತ ಬರೆಯಬಲ್ಲದು. ಚೌಕಕ್ಕೆ ನಾಲ್ಕೂವರೆ ದಾಟಬೇಕು, ತ್ರಿಕೋನಕ್ಕೆ ಐದಾಗಬೇಕು. ಅಂಥ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ಅಕ್ಷರ ತಿದ್ದಿಸುತ್ತೇವೆ, ಗೆರೆ ಸೊಟ್ಟಗಾದರೆ ಗದರುತ್ತೇವೆ. ಆ ಕೈ ಕೇಳುತ್ತಿರುವುದು ಹಿಟ್ಟು ನಾದುವುದನ್ನು, ಮಣಿ ಪೋಣಿಸುವುದನ್ನು, ಕಾಗದ ಹರಿಯುವುದನ್ನು. ಹೋಂವರ್ಕ್ ಕೊಟ್ಟಿಲ್ಲವೆಂದು ಶಾಲೆಯ ಮೇಲೆ ದೂರು ಒಯ್ಯುವ ಪೋಷಕರೂ ಹದಿನಾರರಲ್ಲಿ ಈ ವಿಷಯ ಓದಿದ್ದರೆ ಎಷ್ಟೋ ಎಳೆಯ ಬೆರಳುಗಳು ಬಚಾವಾಗುತ್ತಿದ್ದವು.

ಹದಿನೈದು ದಿನವಿದೆ ಎಂದಿರಲ್ಲ, ಆ ಸಮಯವನ್ನು ಶಾಲೆಗೆ ಹೋಗಿ ಮೂರು ಪ್ರಶ್ನೆ ಕೇಳಲು ಬಳಸಿ. ವಾರಕ್ಕೆ ಎಷ್ಟು ಗಂಟೆ ವಿದ್ಯಾರ್ಥಿಗಳು ಮಕ್ಕಳ ನಡುವೆ ಇರುತ್ತಾರೆ? ಒಂದೇ ಮಗುವನ್ನು ವರ್ಷದುದ್ದಕ್ಕೂ ನೋಡಿ ಬರೆಯುವ ಅವಕಾಶವಿದೆಯೆ? ಆ ಟಿಪ್ಪಣಿಯ ಎಡಗಡೆಯನ್ನು ತಿದ್ದಿ ಕೊಡುವವರು ಯಾರು? ಮೂರಕ್ಕೂ ‘ಪುಸ್ತಕದಲ್ಲೇ ಎಲ್ಲ ಇದೆ’ ಎಂಬ ಉತ್ತರ ಬಂದರೆ, ವಿಷಯ ಬಿಡಿಸಬೇಡಿ. ಉಳಿದ ಪೋಷಕರನ್ನೂ ಕರೆದುಕೊಂಡು ಮತ್ತೊಮ್ಮೆ ಹೋಗಿ.