ಸ್ಥಳೀಯ ವಸ್ತು ಕೊಂಡರೆ ಕಾರ್ಖಾನೆಗಳು ಉಳಿಯುತ್ತವೆಯೇ?

ನಿಮ್ಮ ಪ್ರಶ್ನೆ ಇದು: ಚುನಾವಣೆ ಬಂದಾಗಲೆಲ್ಲ ಒಂದು ಪಕ್ಷ ‘ನಮ್ಮ ಕಾರ್ಖಾನೆಗಳು ಮುಚ್ಚುತ್ತಿವೆ, ದೇಶದಲ್ಲಿ ತಯಾರಾದದ್ದನ್ನೇ ಕೊಳ್ಳಿ’ ಎನ್ನುತ್ತದೆ. ಇನ್ನೊಂದು ಪಕ್ಷ ‘ಅಗ್ಗದ ಆಮದಿನಿಂದ ಬಡವರಿಗೇ ಲಾಭ, ಗಾಬರಿ ಬೇಡ’ ಎನ್ನುತ್ತದೆ. ಯಾರ ಮಾತು ಸರಿ? ನಾನೊಬ್ಬ ಸ್ಥಳೀಯ ವಸ್ತು ಕೊಂಡರೆ ಏನಾದರೂ ಬದಲಾದೀತೇ?

ಯಂತ್ರಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಬಹುಕಾಲ ದುಡಿದವನಾಗಿ ಹೇಳುತ್ತೇನೆ. ಕೊಳ್ಳುವವರ ಕೈಯಲ್ಲಿ ನಿಜಕ್ಕೂ ಶಕ್ತಿಯಿದೆ. ಆದರೆ ಅಂಗಡಿಯಲ್ಲಿ ವಸ್ತುವನ್ನು ತಿರುಗಿಸಿ ‘ಎಲ್ಲಿ ತಯಾರಾಯಿತು’ ಎಂದು ಓದುವಾಗ ಆ ಶಕ್ತಿ ತೀರಾ ಕಡಿಮೆ. ವರ್ಷದಿಂದ ವರ್ಷಕ್ಕೆ ತಪ್ಪದೆ ಬರುವ ದೊಡ್ಡ ಆರ್ಡರು ಇದ್ದರೆ ಕಾರ್ಖಾನೆ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತದೆ. ಈ ವಿಷಯದ ಬಗ್ಗೆ ಭಾಷಣಗಳಲ್ಲಿ ಮಾತೇ ಬರುವುದಿಲ್ಲ ಎಂಬುದು ನನ್ನ ಸಂಕಟ.

ಮೊದಲು ಕುಸಿತದ ವಿಚಾರ. ಉದ್ಯೋಗ ಕಡಿಮೆಯಾಗುವುದು ಮತ್ತು ಉತ್ಪಾದನೆ ಕಡಿಮೆಯಾಗುವುದು ಎರಡೂ ಬೇರೆ ಬೇರೆ. 1979ರಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಸುಮಾರು 1.95 ಕೋಟಿ ಜನ ದುಡಿಯುತ್ತಿದ್ದರು. 2010ರ ಆರಂಭಕ್ಕೆ ಅದು ಸುಮಾರು 1.15 ಕೋಟಿಗೆ ಇಳಿದಿತ್ತು. ಅದೇ ಅವಧಿಯಲ್ಲಿ ಅಲ್ಲಿನ ಕಾರ್ಖಾನೆಗಳ ಒಟ್ಟು ಉತ್ಪಾದನೆ ಏರಿತ್ತು. ಯಂತ್ರಗಳು ಸುಧಾರಿಸಿದಂತೆ ಕಡಿಮೆ ಕೈಗಳು ಹೆಚ್ಚು ಕೆಲಸ ಮಾಡುತ್ತವೆ. ‘ಗಾಬರಿ ಬೇಡ’ ಎನ್ನುವವರು ಈ ಲೆಕ್ಕವನ್ನೇ ಮುಂದಿಡುತ್ತಾರೆ.

ಅದೇ ಲೆಕ್ಕವನ್ನು ಇನ್ನಷ್ಟು ಹತ್ತಿರದಿಂದ ನೋಡಿದರೆ ಬೇರೊಂದು ಚಿತ್ರ ಸಿಗುತ್ತದೆ. 2000ದಲ್ಲೂ ಅಲ್ಲಿನ ಕಾರ್ಖಾನೆ ಕೆಲಸಗಳು 1.7 ಕೋಟಿಯ ಆಸುಪಾಸಿನಲ್ಲಿಯೇ ಇದ್ದವು. ಕಡಿದಾದ ಇಳಿತ ಶುರುವಾದದ್ದು ಆಮೇಲೆ. ಚೀನಾ ವಿಶ್ವ ವ್ಯಾಪಾರ ಸಂಘಟನೆಗೆ ಸೇರಿದ್ದು 2001ರ ಡಿಸೆಂಬರಿನಲ್ಲಿ. ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಅವರ ಸಹ ಸಂಶೋಧಕರು 1999ರಿಂದ 2011ರವರೆಗೆ ಚೀನಾದ ಆಮದಿನ ಪೈಪೋಟಿಯಿಂದ ಅಮೆರಿಕದಲ್ಲಿ ಹೋದ ಕೆಲಸಗಳನ್ನು 20ರಿಂದ 24 ಲಕ್ಷ ಎಂದು ಅಂದಾಜಿಸಿದರು. ಅವರ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಂಖ್ಯೆಯಲ್ಲ, ಪೆಟ್ಟು ಬಿದ್ದ ಜಾಗಗಳು. ಪೀಠೋಪಕರಣ, ಬಟ್ಟೆ, ಆಟಿಕೆ ತಯಾರಿಸುತ್ತಿದ್ದ ಕೆಲವೇ ಊರುಗಳ ಮೇಲೆ ಅದು ಒಟ್ಟಾಗಿ ಬಿತ್ತು. ಕೆಲಸ ಕಳೆದುಕೊಂಡವರಲ್ಲಿ ಬಹುಪಾಲು ಜನ ಬೇರೆಡೆಗೆ ಹೋಗಲಿಲ್ಲ, ಹೊಸ ಕಸುಬಿಗೂ ದಾಟಲಿಲ್ಲ. ಅಗ್ಗದ ಸರಕಿನ ಲಾಭ ದೇಶಕ್ಕೆಲ್ಲ ತೆಳುವಾಗಿ ಹಂಚಿಹೋಯಿತು, ನಷ್ಟ ಕೆಲವು ಬೀದಿಗಳಲ್ಲಿ ರಾಶಿ ಬಿದ್ದಿತು. ಒಟ್ಟು ಲೆಕ್ಕದಲ್ಲಿ ಲಾಭವೇ ಹೆಚ್ಚು ಎಂದು ಆ ಬೀದಿಯವರಿಗೆ ಹೇಳುವುದು ಕ್ರೌರ್ಯ.

ಇನ್ನು ‘ಇಂಥ ದೇಶದಲ್ಲಿ ತಯಾರಾದದ್ದು’ ಎಂಬ ಗುರುತು. ಜರ್ಮನಿಯ ಸರಕನ್ನು ಜನ ಗುರುತಿಸಿ ದೂರವಿಡಲಿ ಎಂಬ ಉದ್ದೇಶದಿಂದ ಬ್ರಿಟನ್ 1887ರಲ್ಲಿ ಆಮದು ಸರಕಿಗೆ ಮೂಲ ದೇಶದ ಹೆಸರು ಹಾಕಿಸುವ ಕಾನೂನು ತಂದಿತು. ಕೆಲವೇ ವರ್ಷಗಳಲ್ಲಿ ಆ ಹೆಸರೇ ಗುಣಮಟ್ಟದ ಮುದ್ರೆಯಾಯಿತು. ಇಂದು ಒಂದು ವಸ್ತುವಿಗೆ ಒಂದೇ ಊರು ಇರುವುದೇ ಅಪರೂಪ. 2005ರ ಐಪಾಡ್ ಒಂದನ್ನು ಸಂಶೋಧಕರು ಬಿಡಿಸಿ ಲೆಕ್ಕ ಹಾಕಿದಾಗ, 299 ಡಾಲರಿನ ಆ ವಸ್ತುವಿನ ಜೋಡಣೆಗೆ ಚೀನಾದಲ್ಲಿ ಉಳಿಯುತ್ತಿದ್ದುದು ಕೆಲವೇ ಡಾಲರ್. ಬಿಡಿಭಾಗಗಳು ಬಹುಮಟ್ಟಿಗೆ ಜಪಾನ್, ಕೊರಿಯಾ, ಅಮೆರಿಕದ ಕಂಪನಿಗಳವು. ಆದರೂ ಬೆನ್ನಿನ ಮೇಲೆ ಬರೆದಿದ್ದದ್ದು ಜೋಡಣೆಯಾದ ದೇಶದ ಹೆಸರು. ಇದನ್ನು ತಿರುಗಿಸಿ ಯೋಚಿಸಿ: ಹೊರಗಿನಿಂದ ಬಂದ ತುಂಡುಗಳಿಗೆ ಇಲ್ಲಿ ತಿರುಪು ಹಾಕಿದರೂ ವಸ್ತು ‘ಸ್ಥಳೀಯ’ ಎನಿಸಿಕೊಳ್ಳಬಹುದು. ನೀವು ಅಭಿಮಾನದಿಂದ ಹೆಚ್ಚು ಕೊಟ್ಟ ದುಡ್ಡು ಎಲ್ಲಿಗೆ ಹೋಯಿತೆಂಬುದು ಆ ಗುರುತಿನಿಂದ ತಿಳಿಯುವುದಿಲ್ಲ.

ಒಂದು ದೇಶದ ತಯಾರಿಕೆ ಕುಸಿಯುವಾಗ ಮೊದಲು ಹೋಗುವುದು ಅಂಗಡಿಗೆ ಎಂದೂ ಬಾರದ ಕಸುಬುಗಳು: ಎರಕದ ಕೆಲಸ, ಅಚ್ಚು ಮಾಡುವ ಟೂಲ್ ರೂಮ್, ಲೋಹವನ್ನು ಹದಗೊಳಿಸುವ ಕುಲುಮೆ, ಅಳತೆ ಸರಿಯಿದೆಯೇ ಎಂದು ನೋಡುವ ಗೇಜು ಪರೀಕ್ಷೆ. ಅಚ್ಚಿನ ಕೆಲಸವನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ. ಪ್ಲಾಸ್ಟಿಕ್ ಭಾಗಕ್ಕೆ ಬೇಕಾದ ಉಕ್ಕಿನ ಅಚ್ಚಿನ ಎರಡು ಹೋಳುಗಳು ಒಂದರ ಮೇಲೊಂದು ಬಿಗಿಯಾಗಿ ಕೂರಬೇಕು. ಕೂರದಿದ್ದರೆ ಕರಗಿದ ಪ್ಲಾಸ್ಟಿಕ್ ಸಂದಿಯಲ್ಲಿ ನುಗ್ಗಿ ಅಂಚಿನಲ್ಲಿ ತೆಳುವಾದ ಪೊರೆ ನಿಲ್ಲುತ್ತದೆ. ಅಚ್ಚುಗಾರ ಒಂದು ಹೋಳಿಗೆ ನೀಲಿ ಬಣ್ಣವನ್ನು ಬೆರಳಿನಿಂದ ತೆಳ್ಳಗೆ ಸವರಿ, ಇನ್ನೊಂದನ್ನು ಅದರ ಮೇಲೆ ಒತ್ತಿ ತೆಗೆಯುತ್ತಾನೆ. ನೀಲಿ ಅಂಟಿದ ಕಡೆ ಉಕ್ಕು ಉಬ್ಬಿದೆ ಎಂದರ್ಥ. ಅಷ್ಟನ್ನೇ ಉಜ್ಜುತ್ತಾನೆ, ಮತ್ತೆ ಬಣ್ಣ, ಮತ್ತೆ ಒತ್ತು. ಎಲ್ಲೆಡೆ ಒಂದೇ ಸಮನೆ ನೀಲಿ ಹರಡುವವರೆಗೂ ಬಿಡುವುದಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದು ಕೈಗೆ ಬರಲು ವರ್ಷಗಳೇ ಬೇಕು. ಆರ್ಡರು ನಿಂತು ಅವನು ಬೇರೆ ಕೆಲಸ ಹಿಡಿದರೆ, ಅವನ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದ ಹುಡುಗನೂ ಹೋಗುತ್ತಾನೆ. ಆಮೇಲೆ ಸರ್ಕಾರ ಎಷ್ಟೇ ಸಬ್ಸಿಡಿ ಕೊಟ್ಟರೂ ಯಂತ್ರವನ್ನು ತರಬಹುದೇ ಹೊರತು ಆ ಕೈಯನ್ನು ತರಲಾಗದು.

2020ರ ಮುಖಗವಸಿನ ಕೊರತೆ ಇದನ್ನೇ ಜಗತ್ತಿಗೆಲ್ಲ ತೋರಿಸಿತು. ಹೊಲಿಯುವವರು ಎಲ್ಲ ದೇಶಗಳಲ್ಲೂ ಇದ್ದರು. ಸಿಗದೇ ಹೋದದ್ದು ವೈದ್ಯಕೀಯ ಮುಖಗವಸಿನ ನಡುವಿನ ಪದರ, ಕರಗಿಸಿದ ಪಾಲಿಪ್ರೊಪಿಲೀನನ್ನು ಬಿಸಿಗಾಳಿಯಿಂದ ಊದಿ ಮಾಡುವ ಅತಿ ಸಣ್ಣ ಎಳೆಗಳ ಬಟ್ಟೆ. ಅದನ್ನು ಮಾಡುವ ಯಂತ್ರ ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಹಲವು ದೇಶಗಳು ರಫ್ತನ್ನೇ ತಡೆದವು. ಅಮೆರಿಕದಲ್ಲಿ ಎಷ್ಟೋ ಸಣ್ಣ ಉದ್ಯಮಿಗಳು ‘ಇನ್ನು ನಾವೇ ಮಾಡುತ್ತೇವೆ’ ಎಂದು ಸಾಲ ತಂದು ಘಟಕ ತೆರೆದರು. 2021ರಲ್ಲಿ ಅಗ್ಗದ ಆಮದು ಮರಳಿದೊಡನೆ ದೊಡ್ಡ ಖರೀದಿದಾರರು ಅತ್ತ ತಿರುಗಿದರು, ಈ ಘಟಕಗಳಲ್ಲಿ ಬಹಳಷ್ಟು ಬಾಗಿಲು ಹಾಕಿದವು. ಒಂದೇ ಒಂದು ವರ್ಷದ ಹಿಂದೆ ಅವರನ್ನು ದೇಶ ಕಾಯುವವರೆಂದು ಹೊಗಳಿದ್ದರು. ಈ ಸಂಗತಿ ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಜನರ ಅಭಿಮಾನವೊಂದನ್ನೇ ನೆಚ್ಚಿದ ಪ್ರಚಾರಗಳು ಬೇಗ ಬಾಡುತ್ತವೆ. 1968ರ ಆರಂಭದಲ್ಲಿ ಬ್ರಿಟನ್ನಿನ ಒಂದು ಕಂಪನಿಯ ಐವರು ಟೈಪಿಸ್ಟ್ ಮಹಿಳೆಯರು ದೇಶಕ್ಕಾಗಿ ದಿನಕ್ಕೆ ಅರ್ಧ ಗಂಟೆ ಸಂಬಳವಿಲ್ಲದೆ ಹೆಚ್ಚು ದುಡಿಯುತ್ತೇವೆಂದರು. ಅದು ದೇಶದುದ್ದಕ್ಕೂ ಹಬ್ಬಿ, ಸ್ವದೇಶದ ಸರಕು ಕೊಳ್ಳಿ ಎಂಬ ಕರೆಯಾಯಿತು. ಆ ಪ್ರಚಾರದ ಟೀ ಶರ್ಟುಗಳಲ್ಲಿ ಕೆಲವು ಪೋರ್ಚುಗಲ್‌ನಲ್ಲಿ ತಯಾರಾದವು ಎಂದು ಬಯಲಾಯಿತು, ಕೆಲವೇ ತಿಂಗಳಲ್ಲಿ ಎಲ್ಲ ತಣ್ಣಗಾಯಿತು. ಆ ಮಹಿಳೆಯರ ಮನಸ್ಸಿನಲ್ಲಿ ಕೊರತೆಯಿರಲಿಲ್ಲ. ಅವರ ಅರ್ಧ ಗಂಟೆಯನ್ನು ಬಳಸಿಕೊಳ್ಳುವ ಯೋಜನೆ ಯಾರ ಬಳಿಯೂ ಇರಲಿಲ್ಲ. (1905ರ ಸ್ವದೇಶಿ ಚಳವಳಿಯನ್ನು ಇದರೊಂದಿಗೆ ಸೇರಿಸಬಾರದು. ಅದು ಆಳುವವರ ವಿರುದ್ಧ ಹೂಡಿದ ರಾಜಕೀಯ ಹೋರಾಟ.)

ಸುಂಕ ಏರಿಸಿದರೆ? ಕೆಲವೊಮ್ಮೆ ಬೇಕು, ಆದರೆ ತುಂಬಾ ದುಬಾರಿ. 2018ರಲ್ಲಿ ಅಮೆರಿಕ ಬಟ್ಟೆ ಒಗೆಯುವ ಯಂತ್ರದ ಆಮದಿಗೆ ಸುಂಕ ಹಾಕಿತು. ಬೆಲೆ ಸುಮಾರು ಶೇ 12ರಷ್ಟು ಏರಿತು. ಸುಂಕವೇ ಇಲ್ಲದ ಒಣಗಿಸುವ ಯಂತ್ರದ ಬೆಲೆಯೂ ಏರಿತು, ಏಕೆಂದರೆ ಎರಡನ್ನೂ ಜೋಡಿಯಾಗಿ ಮಾರುತ್ತಾರೆ. ಹೊಸದಾಗಿ ಹುಟ್ಟಿದ್ದು ಸುಮಾರು 1,800 ಕೆಲಸ. ಗ್ರಾಹಕರಿಗೆ ಒಂದೊಂದು ಕೆಲಸಕ್ಕೆ ತಗುಲಿದ ವೆಚ್ಚ ವರ್ಷಕ್ಕೆ 8 ಲಕ್ಷ ಡಾಲರಿಗೂ ಹೆಚ್ಚು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು.

ನನಗೆ ಹೆಚ್ಚು ನಂಬಿಕೆ ಇರುವುದು ಸರ್ಕಾರಿ ಖರೀದಿಯ ಮೇಲೆ. ರೈಲು, ಆಸ್ಪತ್ರೆ, ಶಾಲೆ, ನೀರಿನ ಕೊಳವೆ, ವಿದ್ಯುತ್ ಪರಿವರ್ತಕ ಇವೆಲ್ಲಕ್ಕೂ ಸರ್ಕಾರವೇ ದೊಡ್ಡ ಗಿರಾಕಿ. ಅಮೆರಿಕ 1933ರಲ್ಲೇ ಸರ್ಕಾರಿ ಖರೀದಿಯಲ್ಲಿ ಸ್ವದೇಶಿ ಸರಕಿಗೆ ಆದ್ಯತೆ ಕೊಡುವ ಕಾನೂನು ಮಾಡಿತು. ಆದರೆ ಹಲವು ದಶಕಗಳ ಕಾಲ ಬಿಡಿಭಾಗಗಳ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ದೇಶದೊಳಗಿನದ್ದಾದರೆ ಸಾಕಿತ್ತು. ಈಗ ಆ ಮಿತಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದೆ: 2022ರಲ್ಲಿ ಶೇ 60, 2024ರಲ್ಲಿ ಶೇ 65, 2029ಕ್ಕೆ ಶೇ 75. ಮುಂದಿನ ಮೆಟ್ಟಿಲು ಯಾವಾಗ ಎಂದು ಮೊದಲೇ ತಿಳಿದಿದ್ದರೆ, ಬಿಡಿಭಾಗ ಮಾಡುವವನು ಧೈರ್ಯವಾಗಿ ಯಂತ್ರ ಕೊಂಡು ಇಬ್ಬರು ಹುಡುಗರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಾನೆ. ಇದರಲ್ಲೂ ಅಪಾಯವಿದೆ. ಪೈಪೋಟಿಯೇ ಇಲ್ಲದ ಆಸರೆ ಸಿಕ್ಕರೆ ಕಳಪೆ ಸರಕನ್ನು ದುಬಾರಿ ಬೆಲೆಗೆ ಮಾರುವವರು ಹುಟ್ಟಿಕೊಳ್ಳುತ್ತಾರೆ. ದಕ್ಷಿಣ ಕೊರಿಯಾ 1960 ಮತ್ತು 70ರ ದಶಕಗಳಲ್ಲಿ ಅಗ್ಗದ ಸಾಲವನ್ನು ರಫ್ತಿನ ಸಾಧನೆಗೆ ಕಟ್ಟಿಹಾಕಿತು: ಹೊರಗಿನ ಮಾರುಕಟ್ಟೆಯಲ್ಲಿ ಗೆದ್ದು ತೋರಿಸಿದವರಿಗೆ ಮಾತ್ರ ನೆರವು. ಅಂಥ ಕಟ್ಟುನಿಟ್ಟಿಲ್ಲದ ರಕ್ಷಣೆಯನ್ನು ನಾನು ಬೆಂಬಲಿಸಲಾರೆ.

ನಿಮ್ಮ ಕೈಯಲ್ಲಿ ಆಗುವ ಕೆಲಸಕ್ಕೆ ಬರುತ್ತೇನೆ. ಮನೆಗೆ ಏನು ಕೊಂಡರೂ, ದುರಸ್ತಿ ಯಾರು ಮಾಡುತ್ತಾರೆ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂದು ಕೇಳಿ. ಬಿಡಿಭಾಗಕ್ಕೆ ಬೇಡಿಕೆ ಇರುವಲ್ಲಿ ಲೋಹ ಕಡೆಯುವ ಲೇತ್ ಯಂತ್ರ ತಿರುಗುತ್ತಿರುತ್ತದೆ. ನೀವು ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಕಂಪನಿ ಯಾವುದರಲ್ಲಾದರೂ ಖರೀದಿಯ ನಿರ್ಧಾರಕ್ಕೆ ಹತ್ತಿರವಿದ್ದರೆ, ಅಲ್ಲಿ ಒಂದು ಟೆಂಡರಿನ ಷರತ್ತನ್ನು ತಿದ್ದಿಸುವುದು ಮನೆಯ ಎಷ್ಟೋ ವರ್ಷಗಳ ಖರೀದಿಗಿಂತ ದೊಡ್ಡ ಕೆಲಸ. ಮೊದಲ ದಿನದ ಬೆಲೆಯೊಂದನ್ನೇ ನೋಡದೆ, ಬಾಳಿಕೆ ಮತ್ತು ದುರಸ್ತಿಯ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಒತ್ತಾಯಿಸಿ. ಮತ ಕೇಳಲು ಬಂದವರು ಸ್ವದೇಶಿ ಎಂದಾಗ, ‘ನಿಮ್ಮ ಸರ್ಕಾರ ಮುಂದಿನ ಐದು ವರ್ಷ ಏನನ್ನು, ಎಷ್ಟು, ಯಾರಿಂದ ಕೊಳ್ಳುತ್ತದೆ? ಅದರ ಬಿಡಿಭಾಗ ಎಲ್ಲಿಯದು?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.