ಸಕೆಯನ್ನು ತಣ್ಣಗೆ ಕೊಡಬೇಕಾ, ಬಿಸಿ ಮಾಡಬೇಕಾ?

ಪ್ರಶ್ನೆ: ಜಪಾನಿನಲ್ಲಿ ಕೆಲಸದಲ್ಲಿರುವ ಭಾವ ರಜೆಗೆ ಬರುವಾಗ ಎರಡು ಬಾಟಲಿ ಸಕೆ ತಂದಿದ್ದಾರೆ. ಒಂದು ಜುನ್‌ಮೈ, ಇನ್ನೊಂದು ದೈಗಿಂಜೊ. ಎರಡೂ 720 ಮಿಲಿ. ಆರು ಮಂದಿ ಗೆಳೆಯರನ್ನು ಮನೆಗೆ ಕರೆದಿದ್ದೇನೆ, ಇಬ್ಬರು ಕುಡಿಯುವವರಲ್ಲ. ಸೋಡಾ ಹಾಕಬೇಕಾ, ಬಿಸಿ ಮಾಡಬೇಕಾ? ತಿನ್ನಲು ಏನು ಕೊಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಸೋಡಾ ಬೇಡ, ಐಸೂ ಬೇಡ. ದುಬೈಯ ಜಪಾನಿ ಹೋಟೆಲಿನ ಅಡುಗೆಮನೆಯಲ್ಲಿ ನಾನಿದ್ದಾಗ ಒಳ್ಳೆಯ ಸಕೆಯನ್ನು ಒಂದೇ ಗುಟುಕಿಗೆ ಎತ್ತಿಬಿಡುವವರನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಇದು ಅಕ್ಕಿಯಿಂದ ಹುದುಗು ಬರಿಸಿ ಮಾಡಿದ್ದು, ಭಟ್ಟಿ ಇಳಿಸಿದ್ದಲ್ಲ. ಮದ್ಯಸಾರ ಸಾಮಾನ್ಯವಾಗಿ 15–16 ಶೇಕಡಾ. ಮೂಸಿ, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರೇ ರುಚಿ ಗೊತ್ತಾಗುವುದು.

ನಿಮ್ಮಲ್ಲಿರುವ ಎರಡು ಬಾಟಲಿಗಳ ಜೋಡಿ ಚೆನ್ನಾಗಿದೆ. ನಮ್ಮ ಕುಚ್ಚಲಕ್ಕಿಯಲ್ಲಿ ತೌಡು ಉಳಿದಿರುತ್ತದೆ, ಅಲ್ವಾ? ದೈಗಿಂಜೊಗೆ ಅದಕ್ಕೆ ಪೂರಾ ವಿರುದ್ಧ: ಕಾಳನ್ನು ಉಜ್ಜಿ ಉಜ್ಜಿ ಅರ್ಧ ಅಥವಾ ಅದಕ್ಕಿಂತ ಕಡಿಮೆ ಮಾತ್ರ ಉಳಿಸಿಕೊಳ್ಳುತ್ತಾರೆ. ಹಾಗಾಗಿ ಹಣ್ಣಿನಂಥ ಪರಿಮಳ. ಇದನ್ನು ಬಿಸಿ ಮಾಡಬೇಡಿ, ಪರಿಮಳ ಹಾರಿಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟು 10 ಡಿಗ್ರಿ ಆಸುಪಾಸಿನಲ್ಲಿ, ಎಲ್ಲಕ್ಕಿಂತ ಮೊದಲು ಕೊಡಿ.

ಜುನ್‌ಮೈ ಅಂದರೆ ಅಕ್ಕಿ, ನೀರು, ಕೋಜಿ ಎಂಬ ಬೂಷ್ಟು, ಯೀಸ್ಟು. ಬೇರೆ ಮದ್ಯಸಾರ ಬೆರೆಸಿರುವುದಿಲ್ಲ. ಸಂಜೆಯ ನಿಜವಾದ ಮಜಾ ಇದರಲ್ಲೇ ಇದೆ. ಮೊದಲು ತಣ್ಣಗೆ ಕೊಡಿ. ಆಮೇಲೆ ಅದನ್ನೇ ಬೆಚ್ಚಗೆ ಮಾಡಿ ಕೊಡಿ. ಎರಡೂ ಒಂದೇ ಬಾಟಲಿಯದು ಎಂದರೆ ಗೆಳೆಯರು ನಂಬಲಿಕ್ಕಿಲ್ಲ.

ಬೆಚ್ಚಗೆ ಮಾಡುವ ಕ್ರಮ ಹೀಗೆ. ಪಾತ್ರೆಯಲ್ಲಿ ನೀರು ಕುದಿಸಿ, ಒಲೆ ಆರಿಸಿ. ಕತ್ತು ಸಪೂರ ಇರುವ ಪಿಂಗಾಣಿ ಹೂಜಿಗೆ ಮುಕ್ಕಾಲು ಭಾಗ ಸಕೆ ಹಾಕಿ, ಕತ್ತಿನವರೆಗೆ ಬಿಸಿನೀರಲ್ಲಿ ಇಳಿಸಿ. ಎರಡು ಮೂರು ನಿಮಿಷ ಸಾಕು. ತೆಗೆದು ತಳ ಮುಟ್ಟಿ ನೋಡಿ: ಕೈಗೆ ಹಿತವಾದ ಬಿಸಿ, ಚುರುಕ್ ಅನ್ನಬಾರದು. ಥರ್ಮಾಮೀಟರ್ ಇದ್ದರೆ 40ರಿಂದ 45 ಡಿಗ್ರಿ. ನೇರ ಉರಿಯ ಮೇಲೆ ಮಾತ್ರ ಇಡಲೇಬೇಡಿ.

ಅಳತೆ 30 ಮಿಲಿ. ನಿಮ್ಮನ್ನು ಸೇರಿಸಿ ಐವರು, ತಲಾ ಮೂರು ಸುತ್ತು, ಮೆಚ್ಚಿದ್ದು ಇನ್ನೆರಡು ಸಲ. ಒಬ್ಬರಿಗೆ ಒಟ್ಟು 150 ಮಿಲಿ, ಅಂದರೆ ಹೆಚ್ಚುಕಡಿಮೆ ಎರಡು ಸಣ್ಣ ಪೆಗ್ ವಿಸ್ಕಿಯಷ್ಟು ಮದ್ಯಸಾರ. ಎರಡೂ ಬಾಟಲಿ ಖಾಲಿ ಮಾಡಬೇಕೆಂಬ ಹಟ ಬೇಡ. ಪಕ್ಕದಲ್ಲಿ ಎಲ್ಲರಿಗೂ ನೀರಿಡಿ. ಜಪಾನಿನವರೂ ಹಾಗೇ ಮಾಡುತ್ತಾರೆ. ಅವರಲ್ಲಿ ತನ್ನ ಲೋಟಕ್ಕೆ ತಾನೇ ಹಾಕಿಕೊಳ್ಳುವ ಕ್ರಮವಿಲ್ಲ, ಪಕ್ಕದವರು ಹಾಕಬೇಕು. ನೀವೂ ಮಾಡಿ, ಮಾತು ತಾನಾಗಿ ಬೆಳೆಯುತ್ತದೆ.

ತಿನ್ನಲು ಖಾರದ ಕೋಳಿ ಸುಕ್ಕ ಬೇಡ. ಬ್ಯಾಡಗಿ ಮೆಣಸಿನ ಮುಂದೆ ಸಕೆ ಸೋತುಹೋಗುತ್ತದೆ. ದೈಗಿಂಜೊ ಜೊತೆ ಮುಳ್ಳುಸೌತೆ ಕೋಸಂಬರಿ. ಬೆಚ್ಚಗಿನ ಜುನ್‌ಮೈಗೆ ಉಪ್ಪು, ಕಾಳುಮೆಣಸು ಮಾತ್ರ ಸವರಿ ಕಾಯಿಸಿದ ಬಂಗುಡೆ. ಮೀನು ತಿನ್ನದವರಿಗೆ ಉಪ್ಪುಸೊಳೆಯ ಉಂಡ್ಲಕಾಳು, ಹಲಸಿನ ಹಪ್ಪಳ. ಆ ಉಪ್ಪುಸೊಳೆಯ ಹುಳಿಗೂ ಸಕೆಗೂ ಎಷ್ಟು ಹೊಂದುತ್ತದೆ ಅಂದರೆ, ನನಗೆ ಬಂಗುಡೆಗಿಂತ ಅದೇ ಜಾಸ್ತಿ ಇಷ್ಟ.

ಕುಡಿಯದ ಇಬ್ಬರಿಗೆ ಪುನರ್ಪುಳಿ ಶರಬತ್ತು, ಅದೇ ಚಂದದ ಲೋಟಗಳಲ್ಲಿ. ಸುಮ್ನೆ ಒತ್ತಾಯ ಬೇಡ. ನಿಮ್ಮ ಬದಿಯಡ್ಕ ಕೇರಳಕ್ಕೆ ಸೇರಿದ್ದು, ಅಲ್ಲಿ ಮದ್ಯಕ್ಕೆ 23 ವರ್ಷ ಆಗಿರಬೇಕು, ಅದೂ ನೆನಪಿರಲಿ. ಕುಡಿದವರು ಯಾರೂ ಬೈಕು ಮುಟ್ಟುವುದು ಬೇಡ, ರಿಕ್ಷಾ ಹೇಳಿಡಿ.

ಉಳಿದದ್ದಕ್ಕೆ ಮುಚ್ಚಳ ಬಿಗಿಮಾಡಿ ಫ್ರಿಜ್ಜಿನಲ್ಲಿಡಿ, ನಮ್ಮ ಸೆಕೆಗೆ ಹೊರಗಿಟ್ಟರೆ ಬೇಗ ಕೆಡುತ್ತದೆ. ಒಂದು ವಾರದೊಳಗೆ ಮುಗಿಸಿದರೆ ಒಳ್ಳೆಯದು. ಆಮೇಲೂ ಉಳಿದರೆ ಮೀನು ಬೇಯಿಸುವಾಗ ಎರಡು ಚಮಚ ಹಾಕಿ, ಹಸಿ ವಾಸನೆ ಹೋಗುತ್ತದೆ.