ಬಾಸ್ಟನ್‌ನಲ್ಲಿ ರಾತ್ರಿ ಒಬ್ಬಳೇ ಮನೆಗೆ ನಡೆದು ಹೋಗಬಹುದಾ?

ನಿಮ್ಮ ಪ್ರಶ್ನೆ ಓದಿದೆ. ತಂಗಿಗೆ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿರುವ ಬಾಸ್ಟನ್ ಊರಿನ ಪಿಲ್ಗ್ರಿಮ್ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಊರಿನ ಹೆಸರು ಗೂಗಲ್‌ಗೆ ಹಾಕಿದರೆ ಕೊಲೆಗಳ ಊರು ಅಂತ ಬರುತ್ತಿದೆ. ಅಮ್ಮ ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಕಳಿಸೋದಾ ಬೇಡವಾ, ಡ್ಯೂಟಿ ಮುಗಿಸಿ ಒಬ್ಬಳೇ ನಡೆದು ಬರಬಹುದಾ ಅಂತ ಕೇಳಿದ್ದೀರಿ.

ಕಳಿಸಿ. ಅಮ್ಮನಿಗೆ ಮೊದಲು ಊಟ ಮಾಡಿಸಿ.

ನಾನು ಹಾಸನದ ಕಡೆಯವಳು. ಆರು ವರ್ಷದಿಂದ ಇದೇ ಊರಲ್ಲಿದ್ದೇನೆ, ಒಂದು ಕೇರ್ ಹೋಮಿನಲ್ಲಿ ನರ್ಸ್. ಹೆದರಿಕೆಯೇ ಬೇಡ ಅಂತ ಹೇಳಲಾರೆ. ಹೆದರಬೇಕಾದ ವಿಷಯಗಳು ಇವೆ, ಆದರೆ ಅವು ನೀವು ಅಂದುಕೊಂಡಿರುವವಲ್ಲ.

ಮೊದಲು ಆ ಕೊಲೆಯ ಕಥೆ. 2016ರಲ್ಲಿ ಇಲ್ಲಿನ ಪತ್ರಿಕೆಗಳು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೇ ಅತಿ ಜಾಸ್ತಿ ಕೊಲೆ ನಡೆಯುವ ಊರು ಬಾಸ್ಟನ್ ಅಂತ ಬರೆದವು. ಅದು ಕೊಲೆ ಮತ್ತು ಕೊಲೆ ಯತ್ನ ಎರಡನ್ನೂ ಕೂಡಿಸಿ, ಊರಿನ ಜನಸಂಖ್ಯೆಗೆ ಹಂಚಿ ತೆಗೆದ ಲೆಕ್ಕ. ಕುಡಿದ ಇಬ್ಬರು ಚಾಕು ಹಿಡಿದು ಜಗಳ ಆಡಿ ಇಬ್ಬರೂ ಬದುಕಿ ಮನೆಗೆ ಹೋದರೂ ಅದು ಕೊಲೆ ಯತ್ನ ಅಂತ ದಾಖಲಾಗಬಹುದು. ಆದರೆ ತಲೆಬರಹದಲ್ಲಿ 'ಯತ್ನ' ಅನ್ನೋ ಪದ ಮಾಯ.

ಅದಕ್ಕಿಂತ ದೊಡ್ಡ ತೊಂದರೆ ಊರು ಚಿಕ್ಕದಾಗಿರೋದು. 2021ರ ಜನಗಣತಿಯಲ್ಲಿ ಸುತ್ತಲಿನ ಹಳ್ಳಿಗಳೂ ಸೇರಿ ಇಡೀ ಬಾಸ್ಟನ್ ಆಡಳಿತ ಪ್ರದೇಶದಲ್ಲಿ ಇದ್ದದ್ದು ಸುಮಾರು 70,000 ಜನ. ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರದಷ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ ಸರಾಸರಿ ಲಕ್ಷ ಜನಕ್ಕೆ ಒಂದು ಕೊಲೆ. ಹಾಗಾದರೆ ಬಾಸ್ಟನ್‌ನಲ್ಲಿ ವರ್ಷಕ್ಕೆ ಒಂದೇ ಒಂದು ಕೊಲೆ ಆದರೂ ಲಕ್ಷಕ್ಕೆ 1.4 ಆಯಿತು, ದೇಶದ ಸರಾಸರಿ ದಾಟಿತು. ಎರಡಾದರೆ ಸರಾಸರಿಯ ಹತ್ತಿರ ಹತ್ತಿರ ಮೂರು ಪಟ್ಟು. ಒಂದೂ ಆಗದ ವರ್ಷ ದೇಶದಲ್ಲೇ ಅತ್ಯಂತ ಸುರಕ್ಷಿತ ಊರು, ಆದರೆ ಆ ವರ್ಷ ಯಾರೂ ಪತ್ರಿಕೆಯಲ್ಲಿ ಬರೆಯೋದಿಲ್ಲ. ಹೋಲಿಕೆಗೆ ಇರಲಿ, ಭಾರತದ ಸರಾಸರಿ ಲಕ್ಷಕ್ಕೆ ಸುಮಾರು ಎರಡು. ಅಲ್ಲಿ ನಾವು ರಾತ್ರಿ ಬಸ್ಸು ಹತ್ತಿ ಓಡಾಡುತ್ತಲೇ ಇದ್ದೆವು, ಅಲ್ವಾ?

ನಾನು ಸಣ್ಣವಳಿದ್ದಾಗ ನಮ್ಮ ಹಳ್ಳಿಯಲ್ಲಿ ಒಂದು ವರ್ಷ ಎರಡು ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿದವು. ನೆಂಟರಿಷ್ಟರು ಬಂದವರೆಲ್ಲ ಯಾವ ಬಾವಿ ನೀರು ಕುಡಿಯುತ್ತೀರಿ ಅಂತ ಕೇಳೋರು. ಆಮೇಲೆ ಹತ್ತು ವರ್ಷ ಒಂದು ಅವಳಿಯೂ ಇಲ್ಲ. ಬಾವಿ ಅದೇ ಬಾವಿ.

ಹಾಗಂತ ಊರಲ್ಲಿ ಏನೂ ಆಗಿಲ್ಲ ಅಂತಲ್ಲ. 2022ರ ಜುಲೈನಲ್ಲಿ ಒಂಬತ್ತು ವರ್ಷದ ಒಂದು ಹುಡುಗಿಯ ಕೊಲೆ ಆಯಿತು. ಹೊರಗೆ ಬೀದಿಯಲ್ಲಿ, ಸಂಜೆ ಬೆಳಕಿನಲ್ಲಿ. ಮುಂದಿನ ವರ್ಷ ಕೋರ್ಟಿನ ಜ್ಯೂರಿ ಕೊಂದದ್ದು ಅವನೇ ಅಂತ ಹೇಳಿತು, ಆದರೆ ವಿಚಾರಣೆ ಎದುರಿಸುವ ಮಾನಸಿಕ ಸ್ಥಿತಿ ಅವನಿಗಿಲ್ಲ ಅಂತ ಆಗ ಆಸ್ಪತ್ರೆಯಲ್ಲಿ ಇಡಲು ಆದೇಶ ಆಯಿತು. ಅದನ್ನು ಇಲ್ಲಿ ಯಾರೂ ಮರೆತಿಲ್ಲ, ನಾನೂ ಮರೆತಿಲ್ಲ. ಆ ನೋವು ಬೇರೆ, ಅದರಿಂದ ಊರಿನ ದಿನನಿತ್ಯದ ಬದುಕು ಅಳೆಯೋದು ಬೇರೆ. ನಿಮ್ಮ ತಂಗಿ ಬಂದ ಮೇಲೆ ಯಾರಾದರೂ ಈ ವಿಷಯ ಹೇಳಿಯೇ ಹೇಳುತ್ತಾರೆ, ಆಗ ಗಾಬರಿ ಆಗೋದು ಬೇಡ ಅಂತ ಈಗಲೇ ಬರೆದೆ.

ಈಗ ಅಂಕಿ ಅಂಶ ನೀವೇ ನೋಡೋದು ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ನೀವು ನೋಡಿಯೇ ನೋಡುತ್ತೀರಿ. ಪೊಲೀಸ್ ಡಾಟ್ ಯುಕೆ ಅಂತ ಒಂದು ಸರ್ಕಾರಿ ವೆಬ್‌ಸೈಟ್ ಇದೆ. ಮನೆಯ ಪೋಸ್ಟ್‌ಕೋಡ್ ಹಾಕಿದರೆ ಸುತ್ತಮುತ್ತ ಯಾವ ತಿಂಗಳು ಏನೇನು ದಾಖಲಾಯಿತು ಅಂತ ನಕ್ಷೆಯ ಮೇಲೆ ಚುಕ್ಕಿ ಚುಕ್ಕಿ ತೋರಿಸುತ್ತದೆ. ನಾನೂ ಇಲ್ಲಿಗೆ ಬರುವ ಮೊದಲು ಒಂದು ರಾತ್ರಿ ಪೂರ್ತಿ ಅದನ್ನೇ ನೋಡುತ್ತಾ ಕೂತು, ಟಿಕೆಟ್ ಕ್ಯಾನ್ಸಲ್ ಮಾಡೋಣ ಅನ್ನುವ ಹಂತಕ್ಕೆ ಬಂದಿದ್ದೆ! ಆಮೇಲೆ ಗೊತ್ತಾಯಿತು, ಆ ಚುಕ್ಕಿಗಳು ನಿಜವಾದ ಮನೆಯ ಮೇಲೆ ಇರೋದಿಲ್ಲ. ಯಾರ ಮನೆ ಅಂತ ಗೊತ್ತಾಗಬಾರದು ಅಂತ ಹತ್ತಿರದ ಒಂದು ಬಿಂದುವಿಗೆ ಸರಿಸಿರುತ್ತಾರೆ. ಹಾಗಾಗಿ ಪಾಪ ಒಂದು ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್ ಜಾಗಕ್ಕೆ ಅಕ್ಕಪಕ್ಕದ ನಾಲ್ಕು ಬೀದಿಯ ಪಾಪವೂ ಅಂಟಿಕೊಂಡಿರುತ್ತದೆ.

ಅಲ್ಲಿ 'ಹಿಂಸೆ ಮತ್ತು ಲೈಂಗಿಕ ಅಪರಾಧ' ಅನ್ನೋ ವಿಭಾಗ ಎಲ್ಲ ಊರಲ್ಲೂ ದೊಡ್ಡದಾಗಿ ಕಾಣುತ್ತದೆ. ನೋಡಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಅದರೊಳಗೆ ಬೈಗುಳದ ಮೆಸೇಜ್ ಕಳಿಸೋದು, ಹೆದರಿಸೋದು, ಹಿಂಬಾಲಿಸೋದು, ಏನೂ ಗಾಯ ಆಗದ ತಳ್ಳಾಟ, ಮನೆಯೊಳಗಿನ ಗಂಡ ಹೆಂಡಿರ ಹೊಡೆದಾಟ ಎಲ್ಲವೂ ಸೇರಿದೆ. ಇವು ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಆದರೆ ಬೀದಿಯಲ್ಲಿ ನಡೆಯುವವಳಿಗೆ ಅಪರಿಚಿತನಿಂದ ಬರುವ ಅಪಾಯದ ಅಳತೆ ಇದಲ್ಲ. ಇನ್ನೊಂದು ತಮಾಷೆ ನೋಡಿ. 2014ರಲ್ಲಿ ಪೊಲೀಸರ ಮೇಲೆ ಕಣ್ಣಿಡುವ ಸರ್ಕಾರಿ ತಪಾಸಣಾ ಸಂಸ್ಥೆ ಒಂದು ವರದಿ ಕೊಟ್ಟಿತು, ಜನ ಬಂದು ಹೇಳಿದ ಅಪರಾಧಗಳಲ್ಲಿ 19 ಪರ್ಸೆಂಟ್, ಹಿಂಸೆಯ ದೂರುಗಳಲ್ಲಿ 33 ಪರ್ಸೆಂಟ್ ದಾಖಲೇ ಆಗುತ್ತಿಲ್ಲ ಅಂತ. ಇದು ಇಡೀ ಇಂಗ್ಲೆಂಡ್ ಮತ್ತು ವೇಲ್ಸ್ ಲೆಕ್ಕ. ಆಮೇಲೆ ಎಲ್ಲ ಕಡೆ ಬರೆದುಕೊಳ್ಳೋದು ಜಾಸ್ತಿಯಾಯಿತು, ಗ್ರಾಫ್ ಮೇಲೆ ಹೋಯಿತು. ಮನೆ ಮನೆಗೆ ಹೋಗಿ ನಿಮಗೆ ಏನಾಯಿತು ಅಂತ ಕೇಳುವ ಬೇರೆ ಸರ್ವೇ ಒಂದಿದೆ. ಅದರ ಪ್ರಕಾರ ಹಿಂಸೆ 1990ರ ದಶಕದ ನಡುವಿನಿಂದ ತುಂಬಾ ಇಳಿದಿದೆ. ಯಾವುದು ಸರಿ ಅಂತ ಕೇಳಿದರೆ, ಬೀದಿಯ ಹೊಡೆದಾಟದ ವಿಷಯಕ್ಕೆ ನಾನು ಸರ್ವೇಯನ್ನೇ ಜಾಸ್ತಿ ನಂಬುತ್ತೇನೆ. ಅಂಗಡಿ ಕಳ್ಳತನ ಮಾತ್ರ ನಿಜಕ್ಕೂ ಏರಿದೆ, 2025ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಐದು ಲಕ್ಷ ದಾಟಿತ್ತು. ಇಲ್ಲಿ ಚೀಸ್‌ಗೂ ಮಾಂಸಕ್ಕೂ ಅಲಾರಂ ಪಟ್ಟಿ ಕಟ್ಟಿದ್ದನ್ನು ನೋಡಿ ನಿಮ್ಮ ತಂಗಿ ನಗುತ್ತಾಳೆ.

ಊರಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಈ ಹೆಸರು ಯಾಕೆ ಕೆಟ್ಟಿತು ಅಂತ ಅರ್ಥ ಆಗೋದಿಲ್ಲ. ಇದು ಸಮತಟ್ಟಾದ ಫಲವತ್ತಾದ ಮಣ್ಣಿನ ಸೀಮೆ. ಎಲೆಕೋಸು, ಹೂಕೋಸು, ಆಲೂಗಡ್ಡೆ. ಕೀಳೋದಕ್ಕೆ, ಪ್ಯಾಕ್ ಮಾಡೋದಕ್ಕೆ ಕೈ ಬೇಕು. 2004ರ ನಂತರ ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ ಕಡೆಯಿಂದ ಜನ ಬಂದರು. 2011ರ ಜನಗಣತಿ ಹೊತ್ತಿಗೆ ಹತ್ತರಲ್ಲಿ ಒಬ್ಬರು ಆ ಕಡೆಯವರು. ಹಳಬರಿಗೆ ಸಿಟ್ಟು ಬಂತು. 2016ರ ಬ್ರೆಕ್ಸಿಟ್ ವೋಟಿನಲ್ಲಿ 75.6 ಪರ್ಸೆಂಟ್ ಜನ ಯುರೋಪಿಯನ್ ಒಕ್ಕೂಟದಿಂದ ಹೊರಗೆ ಬರೋಣ ಅಂದರು, ಇಡೀ ದೇಶದಲ್ಲೇ ಜಾಸ್ತಿ. ಆ ವರ್ಷ ಟಿವಿಯವರು ಕ್ಯಾಮೆರಾ ಹಿಡಿದು ಬಂದಾಗ ಅವರಿಗೆ ಒಂದು ಕೆಟ್ಟ ಊರು ಬೇಕಿತ್ತು, ಸಿಕ್ಕಿತು. ಇದು ನನ್ನ ಅಭಿಪ್ರಾಯ.

ಅಪರಾಧದಲ್ಲೂ ಈ ಊರಿಗೆ ತನ್ನದೇ ರುಚಿ ಇದೆ. ಕಳ್ಳಸಾಗಣೆಯಲ್ಲಿ ತಂದ ಸಿಗರೇಟು ಮಾರುವ ಅಂಗಡಿಗಳು, ಅವುಗಳ ಮೇಲೆ ಅಧಿಕಾರಿಗಳ ದಾಳಿ, ಗೋಡೆಯೊಳಗೆ, ನೆಲದಡಿ ಬಚ್ಚಿಟ್ಟ ಪ್ಯಾಕೆಟ್ಟುಗಳು. 2011ರ ಜುಲೈನಲ್ಲಿ ಒಂದು ಕೈಗಾರಿಕಾ ಶೆಡ್ಡಿನಲ್ಲಿ ಕಳ್ಳ ವೋಡ್ಕಾ ತಯಾರಿಸುವಾಗ ಸ್ಫೋಟವಾಗಿ ಐವರು ಸತ್ತರು. ಬೀದಿಯಲ್ಲಿ ಕುಡಿಯೋದು ಜಾಸ್ತಿಯಾಗಿ 2015ರಲ್ಲಿ ಊರ ಮಧ್ಯದಲ್ಲಿ ಅದಕ್ಕೆ ನಿಷೇಧ ತಂದರು. ಇನ್ನೂ ಹಿಂದೆ ಹೋದರೆ, ಈ ಊರಿನ ಅತಿ ಪ್ರಸಿದ್ಧ ಕೈದಿಗಳು ಅಂದರೆ ಇಂಗ್ಲೆಂಡಿನ ಚರ್ಚಿನ ಜೊತೆ ಒಪ್ಪದೆ 1607ರಲ್ಲಿ ಹಾಲೆಂಡಿಗೆ ಓಡಿಹೋಗಲು ಹೊರಟು ಸಿಕ್ಕಿಬಿದ್ದ ಪಿಲ್ಗ್ರಿಮ್‌ಗಳು. ಅವರನ್ನು ಇಟ್ಟಿದ್ದರು ಅಂತ ಗಿಲ್ಡ್‌ಹಾಲ್ ಅನ್ನುವ ಹಳೆಯ ಕಟ್ಟಡದಲ್ಲಿ ಸೆಲ್‌ಗಳನ್ನು ಈಗಲೂ ತೋರಿಸುತ್ತಾರೆ. ನಿಮ್ಮ ತಂಗಿಯ ಆಸ್ಪತ್ರೆಗೆ ಅವರದೇ ಹೆಸರು.

ಸರಿ, ನಡೆದು ಬರುವ ವಿಷಯ. ನೀವು ನೈಟ್ ಶಿಫ್ಟ್ ಅಂತ ಚಿಂತೆ ಮಾಡುತ್ತಿದ್ದೀರಿ. ನೈಟ್ ಶಿಫ್ಟ್ ಮುಗಿಯೋದು ಬೆಳಗ್ಗೆ. ಮಕ್ಕಳು ಶಾಲೆಗೆ ಹೊರಡುವ ಹೊತ್ತು, ನಾಯಿ ಹಿಡಿದುಕೊಂಡ ಅಜ್ಜಂದಿರು ಗುಡ್ ಮಾರ್ನಿಂಗ್ ಹೇಳುವ ಹೊತ್ತು. ಕಷ್ಟ ಇರೋದು ಹಗಲಿನ ಉದ್ದ ಶಿಫ್ಟ್ ಮುಗಿಸಿ ರಾತ್ರಿ ಎಂಟಕ್ಕೆ ಹೊರಡುವಾಗ, ಅದೂ ಚಳಿಗಾಲದಲ್ಲಿ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತದೆ. ಎಂಟು ಗಂಟೆ ಅಂದರೆ ನಮ್ಮೂರಿನ ನಡುರಾತ್ರಿಯ ಹಾಗೆ, ಬೀದಿಯಲ್ಲಿ ನರಪಿಳ್ಳೆ ಇರೋದಿಲ್ಲ. ಮೊದಲ ಚಳಿಗಾಲ ನನಗೆ ಭಯ ಆಗಿದ್ದು ಜನರಿಂದಲ್ಲ, ಜನರೇ ಇಲ್ಲದ್ದರಿಂದ.

ಆಸ್ಪತ್ರೆ ಇರೋದು ಸಿಬ್ಸಿ ರಸ್ತೆಯಲ್ಲಿ, ಊರಿನ ಉತ್ತರಕ್ಕೆ. ಮಾರ್ಕೆಟ್ ಪ್ಲೇಸ್‌ನಿಂದ ಸುಮಾರು ಅರ್ಧ ಗಂಟೆ ನಡಿಗೆ. ಮನೆ ಹುಡುಕುವಾಗ ಆಸ್ಪತ್ರೆ ಕಡೆಗೇ ಹುಡುಕಲಿ, ಊರ ಮಧ್ಯ ಅಗ್ಗ ಸಿಕ್ಕರೂ ಬೇಡ. ಇನ್ನೊಂದು ವಿಷಯ ಯಾರೂ ಮೊದಲೇ ಹೇಳೋದಿಲ್ಲ. 2016ರಿಂದ ಈ ಕೌಂಟಿಯಲ್ಲಿ ಖರ್ಚು ಉಳಿಸಲು ತುಂಬಾ ಬೀದಿಗಳಲ್ಲಿ ಮಧ್ಯರಾತ್ರಿಯಿಂದ ಬೆಳಗ್ಗೆ 6ರವರೆಗೆ ದೀಪ ಆರಿಸುವ ಪದ್ಧತಿ ಬಂತು. ಎಂಟು ಗಂಟೆಗೆ ದೀಪ ಇರುತ್ತದೆ, ತೊಂದರೆ ಇಲ್ಲ. ಆದರೆ ಶನಿವಾರ ರಾತ್ರಿ ಗೆಳತಿಯ ಮನೆಯಿಂದ ಒಂದು ಗಂಟೆಗೆ ಹೊರಟರೆ ಟ್ಯಾಕ್ಸಿ ಹಿಡಿಯಲಿ. ಆ ಹೊತ್ತಿಗೆ ಪಬ್ ಮುಚ್ಚಿ ಕುಡುಕರೂ ಹೊರಗೆ ಬಂದಿರುತ್ತಾರೆ. ನೀವು ಬಾಸ್ಟನ್ ಬಿಟ್ಟು ಇಂಗ್ಲೆಂಡಿನ ಯಾವ ಚಿಕ್ಕ ಊರು ಹೇಳಿದರೂ ಇದೇ ಮಾತು ಹೇಳುತ್ತಿದ್ದೆ: ಶುಕ್ರವಾರ ಶನಿವಾರ ರಾತ್ರಿ ಹನ್ನೊಂದರ ಮೇಲೆ ಊರ ಮಧ್ಯ ಬೇಡ, ಉಳಿದದ್ದು ಆರಾಮ.

ಬಣ್ಣದ ವಿಷಯಕ್ಕೆ ಏನಾದರೂ ಆಗುತ್ತದಾ? ಆಗುತ್ತದೆ. ಆರು ವರ್ಷದಲ್ಲಿ ನನಗೆ ಮೂರು ಸಲ. ಎರಡು ಸಲ ಓಡುವ ಕಾರಿನಿಂದ ಹುಡುಗರು ಕೂಗಿಕೊಂಡು ಹೋದರು, ಒಂದು ಸಲ ಬಸ್ ಸ್ಟಾಪಿನಲ್ಲಿ ಒಬ್ಬ ಕುಡುಕ ನಿನ್ನ ದೇಶಕ್ಕೆ ಹೋಗು ಅಂದ. ಪಕ್ಕದಲ್ಲಿದ್ದ ಇಂಗ್ಲಿಷ್ ಅಜ್ಜಿ ಅವನಿಗೆ ಕೊಟ್ಟ ಬೈಗುಳ ನಾನು ಇಲ್ಲಿ ಬರೆಯುವ ಹಾಗಿಲ್ಲ. ನಿಜವಾಗಿ ಹೆದರಿದ್ದು 2024ರ ಆಗಸ್ಟಿನಲ್ಲಿ, ಸೌತ್‌ಪೋರ್ಟ್ ಊರಿನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾದ ನಂತರ ಹಲವು ಊರುಗಳಲ್ಲಿ ಗಲಭೆ ಆದಾಗ. ಸಂಡರ್‌ಲೆಂಡ್‌ನಲ್ಲಿ ಡ್ಯೂಟಿಗೆ ಹೊರಟಿದ್ದ ಇಬ್ಬರು ಫಿಲಿಪೀನ್ಸ್ ನರ್ಸ್‌ಗಳ ಟ್ಯಾಕ್ಸಿಗೆ ಕಲ್ಲು ಹೊಡೆದರು ಅಂತ ಸುದ್ದಿ ಬಂತು. ನಾವು ಆ ವಾರ ಒಬ್ಬರ ಕಾರಿನಲ್ಲಿ ನಾಲ್ಕು ಜನ ಸೇರಿ ಕೆಲಸಕ್ಕೆ ಹೋದೆವು. ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ, ಆದರೂ ಆ ವಾರ ನಿದ್ದೆ ಬರಲಿಲ್ಲ.

ಈಗ ನಮ್ಮವರಿಗೆ ನಿಜಕ್ಕೂ ಆಗುವ ನಷ್ಟಗಳು. ಒಂದು, ಬಂಗಾರ. ಭಾರತದ ಕಡೆಯವರ ಮನೆಯಲ್ಲಿ ಚಿನ್ನ ಇರುತ್ತದೆ ಅಂತ ಇಲ್ಲಿನ ಕಳ್ಳರಿಗೆ ಚೆನ್ನಾಗಿ ಗೊತ್ತು. ದೀಪಾವಳಿ ಹತ್ತಿರ ಬಂದರೆ ಪೊಲೀಸರೇ ಎಚ್ಚರಿಕೆ ಕೊಡುತ್ತಾರೆ. ಅಮ್ಮ ನಾಲ್ಕು ಬಳೆ, ಒಂದು ಸರ ಹಾಕಿ ಕಳಿಸೋಣ ಅಂತಿದ್ದರೆ ದಯವಿಟ್ಟು ತಡೆಯಿರಿ. ಅಲ್ಲೇ ಲಾಕರಿನಲ್ಲಿರಲಿ. ಮನೆಯ ವಿಮೆಯಲ್ಲೂ ಒಂದೊಂದು ಒಡವೆಗೆ ಇಷ್ಟೇ ಅಂತ ಮಿತಿ ಇರುತ್ತದೆ.

ಎರಡು, ಬಾಡಿಗೆ ಮೋಸ. ಭಾರತದಲ್ಲಿ ಕೂತೇ ಫೇಸ್‌ಬುಕ್ಕಿನಲ್ಲಿ ಚಂದದ ರೂಮಿನ ಫೋಟೋ ನೋಡಿ ಅಡ್ವಾನ್ಸ್ ಕಳಿಸೋದು, ಬಂದು ನೋಡಿದರೆ ಆ ಮನೆಯಲ್ಲಿ ಬೇರೆ ಯಾರೋ ಇರೋದು. ನನ್ನ ಜೊತೆ ಕೆಲಸ ಮಾಡುವವಳೇ ಹೀಗೆ ಆರುನೂರು ಪೌಂಡ್ ಕಳೆದುಕೊಂಡಳು. ಮೊದಲ ತಿಂಗಳು ಆಸ್ಪತ್ರೆಯವರು ವಸತಿ ಕೊಡುತ್ತಾರಾ ಕೇಳಿ, ಕೊಟ್ಟರೆ ಅಲ್ಲೇ ಇದ್ದುಕೊಂಡು ಕಣ್ಣಾರೆ ನೋಡಿ ಮನೆ ಹಿಡಿಯಲಿ. ಕಾನೂನು ಪ್ರಕಾರ ಮನೆ ಮಾಲೀಕರು ಅಡ್ವಾನ್ಸನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಡಬೇಕು, ಅದರ ಕಾಗದ ಕೇಳಿ ತಗೊಳ್ಳಲಿ. ವೀಸಾ ಆಫೀಸಿನಿಂದ ಅಂತ ಫೋನ್ ಮಾಡಿ ಈಗಲೇ ದುಡ್ಡು ಕಟ್ಟು ಅಂದರೆ ಸುಮ್ನೆ ಫೋನ್ ಇಡಲಿ. ಬ್ಯಾಂಕ್ ಹೆಸರಿನಲ್ಲಿ ಯಾರಾದರೂ ಹೆದರಿಸಿದರೆ 159ಕ್ಕೆ ಹೊಡೆದರೆ ನಿಜವಾದ ಬ್ಯಾಂಕಿಗೆ ಹೋಗುತ್ತದೆ.

ಸೈಕಲ್ ಕಳ್ಳತನ ಕೂಡ ಇದೆ. ನನ್ನದೂ ಒಂದು ಸಲ ಹೋಯಿತು, ನೂರು ಪೌಂಡಿನ ಸೈಕಲ್ಲಿಗೆ ಐದು ಪೌಂಡಿನ ಬೀಗ ಹಾಕಿದ್ದೆ, ಬೈದುಕೊಳ್ಳಬೇಕಾದ್ದು ನನ್ನನ್ನೇ.

ಅಪರಾಧಕ್ಕಿಂತ ನನಗೆ ಜಾಸ್ತಿ ಭಯ ಇರೋದು ಇಲ್ಲಿನ ರಸ್ತೆಗಳದ್ದು. ಬ್ರಿಟನ್ನಿನಲ್ಲಿ 2023ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,600ಕ್ಕೂ ಜಾಸ್ತಿ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ ಕೊಲೆಯಾಗುವವರು 600ರ ಒಳಗೆ. ಬಾಸ್ಟನ್ ಸುತ್ತ ರಸ್ತೆ ನೇರ, ಕಿರಿದು, ಪಕ್ಕದಲ್ಲೇ ಆಳದ ಕಾಲುವೆ, ಚಳಿಯಲ್ಲಿ ಮಂಜು, ಐಸ್. ತಂಗಿ ಕಾರು ಓಡಿಸೋದು ಕಲಿತರೆ ಮೊದಲ ಚಳಿಗಾಲ ಕತ್ತಲಲ್ಲಿ ಹೊರಗಿನ ರಸ್ತೆಗೆ ಹೋಗೋದು ಬೇಡ. ನಡೆಯುವಾಗಲೂ ಕಪ್ಪು ಜಾಕೆಟ್ ಬೇಡ, ಹೊಳೆಯುವ ಪಟ್ಟಿ ಇರೋದು ತಗೊಳ್ಳಲಿ.

ಜೀವಕ್ಕೆ ಅಪಾಯ ಅನ್ನಿಸಿದರೆ 999, ಕಳ್ಳತನ ಆಗಿ ಹೋಗಿದೆ, ಅವಸರ ಇಲ್ಲ ಅಂದರೆ 101. ದೂರು ಕೊಟ್ಟಾಗ ಒಂದು ಕ್ರೈಮ್ ರೆಫರೆನ್ಸ್ ನಂಬರ್ ಕೊಡುತ್ತಾರೆ, ವಿಮೆಗೆ ಅದು ಬೇಕಾಗುತ್ತದೆ. ಇಲ್ಲಿನ ಪೊಲೀಸರ ಹತ್ತಿರ ಸಾಮಾನ್ಯವಾಗಿ ಬಂದೂಕು ಇರೋದಿಲ್ಲ, ದಾರಿ ಕೇಳಿದರೂ ನಿಂತು ಹೇಳುತ್ತಾರೆ. ಅವಳು ಹೆದರದೆ ಮಾತಾಡಲಿ.

ಬುಧವಾರ, ಶನಿವಾರ ಇಲ್ಲಿ ಸಂತೆ. ಬಂದ ಮೊದಲ ಶನಿವಾರ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ, ಹೂಕೋಸು ತುಂಬಾ ಚೆನ್ನಾಗಿರುತ್ತದೆ. ದಿನಾಂಕ ಗೊತ್ತಾದ ಮೇಲೆ ಮೆಸೇಜ್ ಮಾಡಿ. ಬ್ಯಾಗಿನಲ್ಲಿ ಬಂಗಾರದ ಬದಲು ಪ್ರೆಷರ್ ಕುಕ್ಕರ್‌ಗೆ ಎರಡು ಗ್ಯಾಸ್ಕೆಟ್ ಜಾಸ್ತಿ ಇಟ್ಟುಕೊಳ್ಳಲಿ. ಒಂದು ಅವಳಿಗೆ, ಒಂದು ನನಗೆ, ನನ್ನದು ಹೋದ ತಿಂಗಳಿಂದ ಸೋರುತ್ತಿದೆ.